ಖತಾವಣಿಗೆ ಬಿದ್ದ ಬೀಗ

ಸಾಗರ ಸೀಮೆಯ ಎಪಿಎಂಸಿ ಯಾರ್ಡಿನಲ್ಲಿ ಒಂದು ಅಡಿಕೆ ಮಂಡಿ. ಟೆಂಡರಿನ ಗಡಿಬಿಡಿ ಮುಗಿದು ಹಮಾಲರು ಹೊರಟಿದ್ದಾರೆ. ಒಳಕೋಣೆಯಲ್ಲಿ ಮಂಡಿಯ ಯಜಮಾನರು, ಮತ್ತು ಬೆಂಗಳೂರಿನಲ್ಲಿ ಕಂಪ್ಯೂಟರ್ ಭದ್ರತೆಯ ಕೆಲಸದಲ್ಲಿರುವ ಅವರ ಅಕ್ಕನ ಮಗಳು. ದೀಪಾವಳಿಗೆ ಊರಿಗೆ ಬಂದವಳನ್ನು ಅವರೇ ಕರೆಸಿಕೊಂಡಿದ್ದಾರೆ.

– ಬಾ ಮಾರಾಯ್ತಿ, ಕೂತ್ಕೋ. ಹಬ್ಬಕ್ಕೆ ಬಂದವಳನ್ನ ಕೆಲಸಕ್ಕೆ ಎಳೆದೆ. ಆದ್ರೆ ನಾಲ್ಕು ದಿನದಿಂದ ನಂಗೆ ಸರಿಯಾಗಿ ನಿದ್ದೆ ಇಲ್ಲ.

– ಅಮ್ಮ ಹೇಳಿದ್ಲು ಮಾವ. ಮಂಡಿಗೆ ಏನೋ ಆಗಿದೆ ಅಂತ.

– ನಮ್ಮ ಮಂಡಿಗಲ್ಲ. ಇದೇ ಸಾಲಲ್ಲಿ ನಾಲ್ಕನೇ ಮಂಡಿ. ಸೋಮವಾರ ಬೆಳಿಗ್ಗೆ ಗುಮಾಸ್ತ ಕಂಪ್ಯೂಟರ್ ಹಾಕಿದಾನೆ, ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ತೆರೆದ್ರೆ ಮಂಡಿಯ ಕಂಪನಿಯೇ ಇಲ್ಲ. ಫೋಲ್ಡರ್ ನೋಡಿದ್ರೆ ಪ್ರತಿ ಫೈಲಿನ ಹೆಸರಿಗೂ ಗೊತ್ತಿಲ್ಲದ ಒಂದು ಬಾಲ. ಪ್ರತಿ ಫೋಲ್ಡರಲ್ಲೂ ಇಂಗ್ಲಿಷಿನ ಒಂದು ಚೀಟಿ. ನಿಮ್ಮ ಫೈಲುಗಳಿಗೆ ಬೀಗ ಹಾಕಿದ್ದೇವೆ, ಬೀಗದಕೈ ಬೇಕಾದ್ರೆ ಈ ವಿಳಾಸಕ್ಕೆ ಬರೀರಿ, ದುಡ್ಡು ಬಿಟ್‌ಕಾಯಿನ್ನಲ್ಲಿ ಕೊಡಿ ಅಂತ. ನಾನು ಹೋದಾಗ ಯಜಮಾನ ಗೋಡೆಗೆ ಒರಗಿ ಕೂತಿದ್ದ. ಇನ್ನೂರು ಚಿಲ್ಲರೆ ರೈತರ ಖಾತೆ ಅದರೊಳಗಿತ್ತು.

– ಬ್ಯಾಕಪ್ ಇರಲಿಲ್ವ?

– ಇತ್ತು. ನಂಗೆ ಹೆದರಿಕೆ ಹುಟ್ಟಿಸಿದ್ದೇ ಅದು. ಸಿಪಿಯು ಹಿಂದೆ ಒಂದು ಪೆನ್‌ಡ್ರೈವ್, ಮೂರು ವರ್ಷದಿಂದ ಚುಚ್ಚಿದ್ದು ಚುಚ್ಚಿದ ಹಾಗೇ ಇತ್ತು. ಮೇಲೆ ಅಡಿಕೆ ಧೂಳು ಕೂತು ಗಟ್ಟಿಯಾಗಿತ್ತು, ಉಗುರಲ್ಲಿ ಕೆರೆದು ತೆಗೆದ್ರು. ದಿನಾ ರಾತ್ರಿ ತಾನಾಗಿ ಅದಕ್ಕೆ ಕಾಪಿ ಆಗ್ತಿತ್ತಂತೆ. ತೆರೆದು ನೋಡಿದ್ರೆ ಅದರೊಳಗಿನ ಫೈಲಿಗೂ ಅದೇ ಬಾಲ. ನಮ್ಮದೂ ಹಾಗೇ ಇದೆ. ಬಗ್ಗಿ ನೋಡು.

– ಕಾಣಿಸ್ತು. ಮೊದಲು ಅದನ್ನ ಕಿತ್ತು ಮೇಜಿನ ಮೇಲಿಡಿ ಮಾವ. ಮಾತು ಆಮೇಲೆ.

– ತಗೋ. ಇದಕ್ಕೆ ಯಾಕೆ ಬಂತು ಹೇಳು. ಇದು ಬೇರೆ ವಸ್ತು, ಅದು ಬೇರೆ ವಸ್ತು.

– ನಮ್ಮ ಕಣ್ಣಿಗೆ ಬೇರೆ. ಚುಚ್ಚಿಟ್ಟಷ್ಟು ಹೊತ್ತೂ ಕಂಪ್ಯೂಟರಿಗೆ ಅದು ಇನ್ನೊಂದು ಫೋಲ್ಡರ್ ಅಷ್ಟೇ. ಕಂಪ್ಯೂಟರ್ ಎಲ್ಲೆಲ್ಲಿ ಬರೀಬಹುದೋ ಅಲ್ಲೆಲ್ಲ ಈ ಕಳ್ಳರ ಪ್ರೋಗ್ರಾಮೂ ಬರೀಬಹುದು. ಎಷ್ಟೋ ಸಲ ಅದು ಮೊದಲು ಹುಡುಕೋದೇ ಬ್ಯಾಕಪ್ಪನ್ನ. ವಿಂಡೋಸ್ ತನ್ನೊಳಗೆ ಇಟ್ಕೊಂಡಿರೋ ಹಳೇ ಪ್ರತಿಗಳನ್ನೂ ಅಳಿಸಿ ಆಮೇಲೆ ಬೀಗ ಹಾಕುತ್ತೆ. ದುಡ್ಡು ಹುಟ್ಟೋದೇ ನಿಮ್ಮ ಹತ್ರ ಬೇರೆ ಪ್ರತಿ ಇಲ್ಲ ಅನ್ನೋದ್ರಿಂದ.

– ಆ ಬೀಗ ಒಡೆಯೋಕೆ ಆಗಲ್ವ? ಶಿವಮೊಗ್ಗದಲ್ಲಿ ಯಾರೋ ಒಡೀತಾರಂತೆ, ಅರ್ಧ ದುಡ್ಡು ಮುಂಗಡ ಅಂತ ಅವನಿಗೆ ಫೋನ್ ಬಂದಿದೆ.

– ದಯವಿಟ್ಟು ಅವರಿಗೆ ಕೊಡಬೇಡಿ ಅನ್ನಿ. ಹಾಗೆ ಹೇಳೋರಲ್ಲಿ ಕೆಲವರು ಕಳ್ಳರ ಜೊತೆ ಚೌಕಾಸಿ ಮಾಡಿ ನಡುವೆ ತಮ್ಮ ಪಾಲು ಇಟ್ಕೊಳ್ಳೋರು. ನೋಡಿ, ಗೋದಾಮಿಗೆ ನೀವು ಒತ್ತಿದ್ರೆ ಬೀಳೋ ಬೀಗ ಹಾಕ್ತೀರಲ್ಲ? ಹಾಕೋಕೆ ಬೀಗದಕೈ ಬೇಡ, ತೆಗೆಯೋಕೆ ಬೇಕು. ಕಳ್ಳರು ಕಳಿಸೋದು ಬಾಯಿ ತೆರೆದ ಬೀಗ ಮಾತ್ರ. ಅವರ ಪ್ರೋಗ್ರಾಮು ಫೈಲನ್ನ ಗುರುತು ಸಿಗದ ಹಾಗೆ ಕಲಸಿ, ಕಲಸಿದ ಕ್ರಮವನ್ನ ಆ ಬೀಗದೊಳಗಿಟ್ಟು ಒತ್ತಿಬಿಡುತ್ತೆ. ಬೀಗದಕೈ ನಿಮ್ಮ ಊರಿಗೆ ಬಂದೇ ಇರಲ್ಲ. 1989ರಲ್ಲಿ ಜೋಸೆಫ್ ಪಾಪ್ ಅನ್ನೋನು ಏಡ್ಸ್ ಕಾಯಿಲೆಯ ಮಾಹಿತಿ ಅಂತ ಹೇಳಿ 20,000ದಷ್ಟು ಫ್ಲಾಪಿಗಳನ್ನ ಅಂಚೆಯಲ್ಲಿ ಹಂಚಿದ್ದ. ಪನಾಮಾ ದೇಶದ ಒಂದು ಅಂಚೆಪೆಟ್ಟಿಗೆಗೆ 189 ಡಾಲರ್ ಕಳಿಸಿ ಅಂತ ಪರದೆ ಮೇಲೆ ಬರ್ತಿತ್ತು. ಆ ಕಾಲದಲ್ಲಿ ಬೀಗ, ಬೀಗದಕೈ ಎರಡೂ ಫ್ಲಾಪಿಯೊಳಗೇ ಇತ್ತು, ಬಲ್ಲವರು ಬಿಡಿಸಿದ್ರು. 1996ರಲ್ಲಿ ಆಡಮ್ ಯಂಗ್, ಮೋಟಿ ಯುಂಗ್ ಅನ್ನೋ ಇಬ್ಬರು, ಕಳ್ಳರು ಬೀಗದಕೈಯನ್ನ ತಮ್ಮ ಹತ್ರವೇ ಇಟ್ಕೊಂಡು ಬೀಗ ಮಾತ್ರ ಕಳಿಸೋ ಕಾಲ ಬರುತ್ತೆ ಅಂತ ಪ್ರಬಂಧ ಬರೆದು ಎಚ್ಚರಿಸಿದ್ರು. ಬಂತು.

– ಹಾಗಾದ್ರೆ ಅವನ ಕಥೆ ಮುಗೀತು.

– ಹಾಗಲ್ಲ. ಕೆಲವು ಸಲ ಬೀಗ ಮಾಡಿದವರೇ ಎಡವಿರ್ತಾರೆ, ಕೆಲವು ಸಲ ಪೊಲೀಸರು ಅವರ ಸರ್ವರನ್ನೇ ಹಿಡಿದಿರ್ತಾರೆ. ಡಚ್ ಪೊಲೀಸರು, ಯೂರೋಪೋಲ್ ಮತ್ತು ಎರಡು ಕಂಪನಿಗಳು ಸೇರಿ 2016ರಲ್ಲಿ ‘ನೋ ಮೋರ್ ರ‍್ಯಾನ್ಸಮ್’ ಅಂತ ಶುರು ಮಾಡಿದ್ರು. ಬೀಗ ಬಿದ್ದ ಒಂದು ಫೈಲು, ಆ ಚೀಟಿ ಎರಡನ್ನೂ ಅಲ್ಲಿಗೆ ಕೊಟ್ರೆ ಇದು ಯಾವ ಜಾತಿಯ ಬೀಗ, ಕೈ ಸಿಕ್ಕಿದೆಯೋ ಇಲ್ವೋ ಅಂತ ಪುಕ್ಕಟೆ ಹೇಳ್ತಾರೆ. ಇವತ್ತು ಸಿಗದಿದ್ರೂ ಮುಂದೆ ಸಿಗಬಹುದು. ಹಾಗಾಗಿ ಆ ಡಿಸ್ಕನ್ನ ಫಾರ್ಮ್ಯಾಟ್ ಮಾಡದೆ ತೆಗೆದಿಟ್ಟು, ಹೊಸ ಡಿಸ್ಕ್ ಹಾಕಿ ಕೆಲಸ ನಡೆಸಲಿ.

– ನನಗೆ ಅರ್ಥ ಆಗದೇ ಇರೋದು ಒಂದೇ. ನಾವು ಯಾವ ಲೆಕ್ಕ? ಅಷ್ಟು ದೂರದ ಕಳ್ಳ ಈ ಯಾರ್ಡಿನ ಮಂಡೀನ ಹುಡುಕ್ಕೊಂಡು ಬರ್ತಾನಾ?

– ಯಾರೂ ಹುಡುಕ್ಕೊಂಡು ಬರಲ್ಲ ಮಾವ. ರಾತ್ರಿ ಹಗಲು ಲೋಕದ ಎಲ್ಲ ಮನೆಗಳ ಚಿಲಕ ಅಲ್ಲಾಡಿಸ್ತಾ ಹೋಗೋ ಯಂತ್ರಗಳಿವೆ. ತೆರೆದ ಮನೆಗೆ ನುಗ್ಗುತ್ತವೆ. ಒಳಗಿರೋದು ಬ್ಯಾಂಕೋ ಮಂಡಿಯೋ ಅಂತ ನೋಡೋದು ಆಮೇಲೆ. 2017ರ ಮೇ 12ರಂದು ‘ವನ್ನಾಕ್ರೈ’ ಬಂತು, 150 ದೇಶಕ್ಕೆ ಹರಡಿತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳು ನಿಂತವು ಅಂತ ಪೇಪರ್ ತುಂಬ ಬಂತು. ಅದೇ ವಾರ ನಮ್ಮ ಪಕ್ಕದ ವಯನಾಡಿನಲ್ಲಿ ಒಂದು ಗ್ರಾಮ ಪಂಚಾಯಿತಿ ಕಚೇರಿಯ ಕಂಪ್ಯೂಟರುಗಳಿಗೂ ಬೀಗ ಬಿತ್ತು. ಕೇಳಿದ್ದು 300 ಡಾಲರ್. ಆಸ್ಪತ್ರೆಗೂ ಅದೇ ದರ, ಪಂಚಾಯಿತಿಗೂ ಅದೇ ದರ. ಯಾರೂ ಯಾವ ಮೇಲನ್ನೂ ತೆರೆಯಬೇಕಾಗಿರಲಿಲ್ಲ, ವಿಂಡೋಸಿನ ಒಂದು ಬಿರುಕಿನಲ್ಲಿ ತಾನಾಗಿ ನುಗ್ತಿತ್ತು. ಆ ಬಿರುಕು ಮುಚ್ಚೋ ಅಪ್‌ಡೇಟನ್ನ ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ಕೊಟ್ಟಿತ್ತು. ಎರಡು ತಿಂಗಳು ಟೈಮಿತ್ತು.

– ಅಪ್‌ಡೇಟ್ ಅಂತ ಬಂದಾಗಲೆಲ್ಲ ನಾವು ‘ಆಮೇಲೆ’ ಅಂತ ಒತ್ತೋದು. ಟೆಂಡರ್ ಟೈಮಲ್ಲಿ ಅದು ಶುರುವಾದ್ರೆ ಅರ್ಧ ಗಂಟೆ ಹೋಯ್ತಲ್ಲ.

– ಭಾನುವಾರ ಯಾರ್ಡ್ ರಜೆ. ಆವತ್ತು ಹಾಕಿ. ಆದ್ರೆ ಈ ಕಂಪ್ಯೂಟರಲ್ಲಿ ಇರೋದು ವಿಂಡೋಸ್ 7 ಮಾವ. 2020ರ ಜನವರಿ 14ಕ್ಕೆ ಅದರ ರಿಪೇರಿ ನಿಂತುಹೋಗಿದೆ. ಇದು ಬೇಲಿ ಬಿದ್ದ ತೋಟ, ಯಾರೂ ಕಟ್ಟಿಕೊಡಲ್ಲ. ಲೆಕ್ಕದ ಕಂಪ್ಯೂಟರ್ ಒಂದನ್ನಾದ್ರೂ ಈ ಸೀಸನ್ನಲ್ಲಿ ಬದಲಾಯಿಸಲೇಬೇಕು. ಬದಲಾಯಿಸುವಾಗ ‘ಸಾಫ್ಟ್‌ವೇರ್ ನಾನೇ ಹಾಕಿಕೊಡ್ತೀನಿ, ದುಡ್ಡು ಬೇಡ’ ಅನ್ನೋರಿಗೆ ಹೂಂ ಅನ್ನಬೇಡಿ. ಕದ್ದ ಸಾಫ್ಟ್‌ವೇರ್ ಹಾಕುವಾಗ ‘ಮೊದಲು ಆಂಟಿವೈರಸ್ ನಿಲ್ಲಿಸಿ’ ಅಂತ ಕೇಳುತ್ತೆ. ಯಾಕೆ ಕೇಳುತ್ತೆ ಅಂತ ಯೋಚನೆ ಮಾಡಿ. ಈಗ ಹೇಳಿ, ಟ್ಯಾಲಿ ರಿಪೇರಿಯವರು ಹೇಗೆ ಬರ್ತಾರೆ?

– ಬರಲ್ಲ. ಎನಿಡೆಸ್ಕ್ ನಂಬರ್ ಕೇಳ್ತಾರೆ, ಅಲ್ಲಿಂದಲೇ ನೋಡ್ತಾರೆ. ಪದೇ ಪದೇ ಕೇಳೋದು ಬೇಡ ಅಂತ ಒಂದು ಪಾಸ್‌ವರ್ಡ್ ಇಟ್ಕೊಂಡಿದಾರೆ.

– ಅಂದ್ರೆ ನೀವು ಬಾಗಿಲು ಹಾಕ್ಕೊಂಡು ಹೋದ ಮೇಲೂ ಒಳಗೆ ಬರಬಹುದು. ಅವರು ಒಳ್ಳೆಯವರೇ ಇರಬಹುದು. ಆದ್ರೆ ಅವರ ಹತ್ರ ಎಷ್ಟು ಅಂಗಡಿಗಳ ಬೀಗದಕೈ ಇದೆ! ಅವರ ಒಂದು ಕಂಪ್ಯೂಟರಿಗೆ ಕಳ್ಳ ನುಗ್ಗಿದ್ರೆ ಎಲ್ಲ ಅಂಗಡೀನೂ ಅವನದ್ದು. 2024ರ ಜುಲೈ ಕೊನೆಗೆ ಹಾಗೇ ಆಯ್ತು. ಸಹಕಾರಿ, ಗ್ರಾಮೀಣ ಅಂತ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ನಿಂತಿತು. ದಾಳಿ ಆಗಿದ್ದು ಅಷ್ಟೂ ಬ್ಯಾಂಕಿಗೆ ತಂತ್ರಜ್ಞಾನದ ಸೇವೆ ಕೊಡ್ತಿದ್ದ ಒಂದೇ ಕಂಪನಿ ಮೇಲೆ. ಆ ಪಾಸ್‌ವರ್ಡ್ ತೆಗೆದುಬಿಡೋಣ. ರಿಪೇರಿ ಇದ್ದಾಗ ಮಾತ್ರ ಎನಿಡೆಸ್ಕ್ ತೆರೀರಿ, ಮುಗಿಯೋವರೆಗೂ ಎದುರು ಕೂತಿರಿ, ಆಮೇಲೆ ಮುಚ್ಚಿ. ಇನ್ನೇನಾದ್ರೂ ಬಾಗಿಲಿದೆಯಾ?

– ಮಗ ಬೆಂಗಳೂರಿಂದ ಲೆಕ್ಕ ನೋಡ್ತಾನಲ್ಲ, ಅದಕ್ಕೆ ಇಂಟರ್ನೆಟ್ ಹುಡುಗನ ಹತ್ರ ಏನೋ ಮಾಡಿಸಿದ್ದ. ಇಲ್ಲಿಯ ಪರದೆಯೇ ಅಲ್ಲಿ ಕಾಣುತ್ತೆ.

– ರಿಮೋಟ್ ಡೆಸ್ಕ್‌ಟಾಪ್. ಇದು ಎಲ್ಲಕ್ಕಿಂತ ದೊಡ್ಡ ಬಾಗಿಲು. ನಾನು ಹೇಳಿದೆನಲ್ಲ ಚಿಲಕ ಅಲ್ಲಾಡಿಸೋ ಯಂತ್ರಗಳು, ಅವು ಮೊದಲು ತಟ್ಟೋದು ಇದನ್ನೇ. ದಿನಕ್ಕೆ ಸಾವಿರಾರು ಪಾಸ್‌ವರ್ಡ್ ಹಾಕಿ ನೋಡ್ತವೆ. ನಿಮ್ಮದು ಮಂಡಿ ಹೆಸರು, ಮುಂದೆ 123 ಅಲ್ವ?

– …ಹೌದು.

– ಮಾವ, ಇಂಗ್ಲೆಂಡಿನಲ್ಲಿ ಒಂದು ಲಾರಿ ಕಂಪನಿ ಇತ್ತು, ‘ನೈಟ್ಸ್ ಆಫ್ ಓಲ್ಡ್’ ಅಂತ. 1865ರಲ್ಲಿ ಶುರುವಾಗಿದ್ದು. 500 ಲಾರಿ. 2023ರ ಜೂನಲ್ಲಿ ಬೀಗ ಬಿತ್ತು. ಯಾರದೋ ಒಂದು ಸುಲಭದ ಪಾಸ್‌ವರ್ಡನ್ನ ಊಹಿಸಿ ಒಳಗೆ ಬಂದಿರಬೇಕು ಅಂತ ಆ ಕಂಪನಿಯವರೇ ಹೇಳಿದಾರೆ. ಅದೇ ಸೆಪ್ಟೆಂಬರಿಗೆ ಕಂಪನಿ ಮುಚ್ಚಿತು, 700 ಜನ ಮನೆಗೆ ಹೋದ್ರು. ಎರಡು ಮಹಾಯುದ್ಧ ದಾಟಿದ ಅಂಗಡಿ. ಬೆಳಿಗ್ಗೆಯೇ ಅಣ್ಣನ ಹತ್ರ ಮಾತಾಡಿ ಆ ಬಾಗಿಲನ್ನ ನಾನು ಮುಚ್ತೀನಿ. ಲೆಕ್ಕ ನೋಡೋಕೆ ಅವನಿಗೆ ಬೇರೆ ಭದ್ರವಾದ ದಾರಿ ಮಾಡಿಕೊಡೋಣ. ಫೋನಿಗೆ ಬರೋ ಸಂಖ್ಯೆ ಹಾಕದೆ ಒಳಗೆ ಬಿಡಬಾರದು, ಹಾಗೆ.

– ಇಷ್ಟೆಲ್ಲ ಮುಚ್ಚಿದ್ರೆ ಬರಲ್ವಾ?

– ಸುಳ್ಳು ಹೇಳಲ್ಲ. ಬರೋದು ಕಡಿಮೆ ಆಗುತ್ತೆ, ಬರಲ್ಲ ಅಂತ ಹೇಳೋಕಾಗಲ್ಲ. ಬಂದ ಮೇಲೂ ಮಂಡಿ ನಿಲ್ಲಬೇಕಲ್ಲ? ಅದಕ್ಕೆ ನಾನು ಈ ಪೆನ್‌ಡ್ರೈವ್ ಹಿಡ್ಕೊಂಡು ಕೂತಿರೋದು. 2017ರ ಜೂನ್ 27ಕ್ಕೆ ‘ನಾಟ್‌ಪೆಟ್ಯಾ’ ಅಂತ ಇನ್ನೊಂದು ಬಂತು. ದುಡ್ಡು ಕೇಳೋ ವೇಷ, ನಿಜಕ್ಕೂ ಹಾಳುಮಾಡೋಕೇ ಬಂದಿದ್ದು. ಡೆನ್ಮಾರ್ಕಿನ ಮರ್ಸ್ಕ್, ಲೋಕದ ಅತಿ ದೊಡ್ಡ ಹಡಗು ಕಂಪನಿಗಳಲ್ಲಿ ಒಂದು. ಮುಂಬೈ ಪಕ್ಕದ ಜವಾಹರಲಾಲ್ ನೆಹರು ಬಂದರಿನಲ್ಲಿ ಅವರು ನಡೆಸೋ ಟರ್ಮಿನಲ್ಲೂ ನಿಂತುಹೋಯ್ತು. ಕಂಪನಿಯ ಯಾವ ಕಂಪ್ಯೂಟರಿಗೆ ಯಾರು ಬರಬಹುದು ಅನ್ನೋ ಪಟ್ಟಿ ಇಟ್ಕೊಂಡಿರೋ ಸರ್ವರುಗಳು ಸುಮಾರು 150, ಲೋಕದ ಬೇರೆ ಬೇರೆ ಕಡೆ. ಒಂದು ಹೋದ್ರೆ ಇನ್ನೊಂದರಿಂದ ತರಬಹುದು ಅಂತ ಏರ್ಪಾಟು. ಎಲ್ಲವೂ ಒಂದಕ್ಕೊಂದು ಜೋಡಿಸಿದ್ದವು, ಎಲ್ಲವೂ ಒಟ್ಟಿಗೆ ಹೋದವು. ಒಂದು ಮಾತ್ರ ಉಳೀತು, ಆಫ್ರಿಕಾದ ಘಾನಾ ದೇಶದಲ್ಲಿ. ಯಾಕೆ ಉಳೀತು ಗೊತ್ತಾ? ಆ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು.

– ಕರೆಂಟ್ ಹೋಗಿ ಉಳೀತಾ!

– ಹೌದು. ಅದೊಂದು ಆಫ್ ಆಗಿತ್ತು, ಹಾಗಾಗಿ ಇತರದ್ದರ ಜೊತೆ ಸೇರಿ ಹಾಳಾಗಲಿಲ್ಲ. ಆ ಡಿಸ್ಕಿನ ಮಾಹಿತೀನ ಘಾನಾದಿಂದ ನೈಜೀರಿಯಾಕ್ಕೆ, ಅಲ್ಲಿಂದ ಇಂಗ್ಲೆಂಡಿಗೆ ವಿಮಾನದಲ್ಲಿ ಹೊತ್ಕೊಂಡು ಹೋಗಿ ಕಂಪನಿ ಎಬ್ಬಿಸಿದ್ರು. ಅಷ್ಟು ದೊಡ್ಡ ಕಂಪನಿಗೆ ಅದೃಷ್ಟದಿಂದ ಸಿಕ್ಕಿದ್ದನ್ನ ನಾವು ದಿನಾ ಸಂಜೆ ಕೈಯಾರೆ ಮಾಡಬಹುದು. ಎರಡು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ತಗೊಳ್ಳಿ. ಒಂದರ ಮೇಲೆ ಕೆಂಪು ಟೇಪ್, ಇನ್ನೊಂದಕ್ಕೆ ನೀಲಿ. ಸಂಜೆ ಪಟ್ಟಿ ಬರೆದು ಮುಗಿದ ಮೇಲೆ ಚುಚ್ಚಿ, ಟ್ಯಾಲಿಯಲ್ಲಿ ಬ್ಯಾಕಪ್ ತಗೊಂಡು, ಕಿತ್ತಿಡಿ. ಇವತ್ತು ಕೆಂಪು, ನಾಳೆ ನೀಲಿ. ಎರಡನ್ನೂ ಒಟ್ಟಿಗೆ ಯಾವತ್ತೂ ಚುಚ್ಚಬಾರದು. ಒಂದು ಇಲ್ಲಿ, ಇನ್ನೊಂದು ನಿಮ್ಮ ಜೊತೆ ಮನೆಗೆ. ಮಂಡಿಗೆ ಬೆಂಕಿ ಬಿದ್ರೂ ಮನೆಯದ್ದು ಇರುತ್ತೆ.

– ಗೂಗಲ್ಲಿಗೆ ಹೋಗುತ್ತಲ್ಲ, ಅದು ಸಾಲ್ದಾ?

– ಅದೂ ಇರಲಿ. ಆದ್ರೆ ತಾನಾಗಿ ಹೋಗೋ ಫೋಲ್ಡರಿಗೆ ಬೀಗ ಬಿದ್ದ ಫೈಲೂ ತಾನಾಗೇ ಹೋಗುತ್ತೆ. ಹಿಂದಿನ ಪ್ರತಿ ಅಲ್ಲಿ ಸಾಮಾನ್ಯವಾಗಿ 30 ದಿನ ಸಿಗುತ್ತೆ, ಅಷ್ಟರೊಳಗೆ ತೆಗೀಬೇಕು. ಆ ಅಕೌಂಟಿನ ಪಾಸ್‌ವರ್ಡ್ ಈ ಕಂಪ್ಯೂಟರಲ್ಲೇ ಉಳಿಸಿದ್ರೆ ಕಳ್ಳನಿಗೂ ಸಿಕ್ಕಿತು ಅಂತಲೇ.

– ನಾನೊಂದು ಹೇಳ್ಲಾ? ನಿನಗೆ ಹಳೇ ಕಾಲದ್ದು ಅನ್ನಿಸಬಹುದು. ಅಪ್ಪ ಇದ್ದಾಗ ಕಿರ್ದಿ ಬೇರೆ, ಖತಾವಣಿ ಬೇರೆ. ಕಿರ್ದಿ ಮಂಡಿಯಲ್ಲಿ, ಖತಾವಣಿ ರಾತ್ರಿ ಮನೆಗೆ. ಪ್ರತಿ ಶನಿವಾರ ಎಲ್ಲ ರೈತರ ಬಾಕಿ ಒಂದು ಹಾಳೆಯಲ್ಲಿ ಬರೆದು ದೇವರ ಮುಂದೆ ಇಡೋರು. ಆ ಹಾಳೆ ಒಂದಿದ್ರೆ ನಾಲ್ಕನೇ ಮಂಡಿಯವನು ಇವತ್ತು ಗೋಡೆಗೆ ಒರಗಿ ಕೂರ್ತಿರಲಿಲ್ಲ.

– ಹಳೇ ಕಾಲದ್ದಲ್ಲ ಮಾವ, ಇದು ನನಗೆ ಹೊಳೆದೇ ಇರಲಿಲ್ಲ. ಶನಿವಾರಕ್ಕೊಂದು ಸಲ ಎಲ್ಲ ಖಾತೆಗಳ ಬಾಕಿ ಪ್ರಿಂಟ್ ತೆಗೆದು ಫೈಲ್ ಮಾಡಿ. ಕಾಗದಕ್ಕೆ ಯಾವ ವೈರಸ್ಸೂ ಬರಲ್ಲ. 2022ರ ನವೆಂಬರಲ್ಲಿ ದಿಲ್ಲಿಯ ಏಮ್ಸ್ ಆಸ್ಪತ್ರೆಯ ಸರ್ವರ್ ಬಿದ್ದಾಗ ಸುಮಾರು ಎರಡು ವಾರ ಚೀಟಿ, ರಿಪೋರ್ಟು ಎಲ್ಲ ಕೈಬರಹದಲ್ಲೇ ನಡೀತು. ನಾಲ್ಕನೇ ಮಂಡಿಯವರಿಗೂ ಪೂರ್ತಿ ಕತ್ತಲೆಯಲ್ಲ. ಜಿಎಸ್‌ಟಿ ಪೋರ್ಟಲ್ಲಿನಲ್ಲಿ ಅವರು ಸಲ್ಲಿಸಿದ ಬಿಲ್ಲುಗಳಿರುತ್ತೆ, ಬ್ಯಾಂಕಿನಲ್ಲಿ ಸ್ಟೇಟ್‌ಮೆಂಟ್, ಎಪಿಎಂಸಿಯಲ್ಲಿ ಟೆಂಡರಿನ ದಾಖಲೆ. ರೈತರ ಹತ್ರ ಅವರವರ ಪಟ್ಟಿ.

– ಪಟ್ಟಿ ಎಲ್ಲರ ಹತ್ರ ಇರಲ್ಲ. ಅದೇ ನೋಡು ನನಗೆ ಸಂಕಟ. ಘಟ್ಟದ ಅಂಚಿನಿಂದ ಒಬ್ಬಳು ಮುದುಕಿ ಬರ್ತಾಳೆ. ಗಂಡ ಇಲ್ಲ, ಅರ್ಧ ಎಕರೆ ತೋಟ. ಮೊಮ್ಮಗಳ ಮದುವೆಗೆ ಅಂತ ಎರಡು ವರ್ಷದ ಅಡಿಕೆ ದುಡ್ಡು ನಮ್ಮಲ್ಲೇ ಬಿಟ್ಟಿದಾಳೆ. ಪಟ್ಟಿ ಕೊಟ್ರೆ ‘ನಿಮ್ಮಲ್ಲೇ ಇರಲಿ ಅಯ್ಯಾ’ ಅಂತ ವಾಪಸ್ ಇಟ್ಟು ಹೋಗ್ತಾಳೆ. ಈ ಪೆಟ್ಟಿಗೆಗೆ ಬೀಗ ಬಿದ್ರೆ ಅವಳಿಗೆ ನಾನು ಏನಂತ ಹೇಳ್ಲಿ? ನನ್ನ ದುಡ್ಡು ಹೋದ್ರೆ ತಡ್ಕೋಬಹುದು.

– ಅವರ ಕಾಗದಗಳೂ ಇದರಲ್ಲೇ ಇದೆಯಾ?

– ಎಲ್ಲರದ್ದೂ. ಆಧಾರ್, ಪಹಣಿ, ಪಾಸ್‌ಬುಕ್. ಸ್ಕ್ಯಾನ್ ಮಾಡಿ ಇಟ್ಟಿದೀವಿ.

– 2019ರಿಂದ ಈ ಕಳ್ಳರು ಇನ್ನೊಂದು ದಾರಿ ಹಿಡಿದಿದಾರೆ. ಬೀಗ ಹಾಕೋ ಮೊದಲು ಎಲ್ಲವನ್ನೂ ತಮ್ಮ ಕಡೆ ಕಾಪಿ ಮಾಡ್ಕೋತಾರೆ. ದುಡ್ಡು ಕೊಡದಿದ್ರೆ ಬಯಲಿಗೆ ಹಾಕ್ತೀವಿ ಅಂತಾರೆ. ಇದಕ್ಕೆ ಬ್ಯಾಕಪ್ಪಿನಿಂದ ಉಪಯೋಗ ಇಲ್ಲ. ಕೆಲಸ ಮುಗಿದ ಸ್ಕ್ಯಾನುಗಳನ್ನ ಈ ಕಂಪ್ಯೂಟರಿಂದ ಅಳಿಸಿ. ಇಲ್ಲಿ ಇಲ್ಲದ್ದನ್ನ ಯಾರೂ ಒಯ್ಯೋಕೆ ಆಗಲ್ಲ.

– ಸರಿ. ನಾಲ್ಕನೇ ಮಂಡಿಯವನು ದುಡ್ಡು ಕೊಡ್ಲೋ ಬೇಡ್ವೋ ಅಂತ ನನ್ನ ಕೇಳ್ತಿದಾನೆ. ಹೆಂಡತಿ ಬಳೆ ಇಡೋ ಮಾತಾಡ್ತಿದಾನೆ.

– ನನ್ನ ಮನಸ್ಸಲ್ಲಿರೋದನ್ನ ಹೇಳ್ತೀನಿ, ಕೊಡಬಾರದು. ಕೊಟ್ಟ ಮೇಲೆ ಕೈ ಬರುತ್ತೆ ಅನ್ನೋಕೆ ಯಾವ ಭರವಸೆಯೂ ಇಲ್ಲ. 2021ರಲ್ಲಿ ಅಮೆರಿಕದ ಕೊಲೋನಿಯಲ್ ಪೈಪ್‌ಲೈನ್ ಅನ್ನೋ ತೈಲ ಸಾಗಿಸೋ ಕಂಪನಿ 75 ಬಿಟ್‌ಕಾಯಿನ್ ಕೊಟ್ಟಿತು. ಬಂದ ಬೀಗದಕೈ ಎಷ್ಟು ನಿಧಾನ ಅಂದ್ರೆ ಕೊನೆಗೆ ತಮ್ಮ ಬ್ಯಾಕಪ್ಪಿನಿಂದಲೇ ಕೆಲಸ ಮುಂದುವರಿಸಬೇಕಾಯ್ತು. ಆದ್ರೆ ಬಳೆ ಇಡೋ ಮಾತಾಡ್ತಿರೋ ಮನುಷ್ಯನಿಗೆ ನಾನು ಇಲ್ಲಿ ಕೂತು ಬುದ್ಧಿ ಹೇಳೋದು ಸರಿಯಲ್ಲ. ನಾಳೆ ನಾನೇ ಹೋಗ್ತೀನಿ. ಅವರು ಪೊಲೀಸರಿಗೆ ಹೇಳಿದಾರಾ?

– ಮರ್ಯಾದೆ ಹೋಗುತ್ತೆ, ರೈತರು ಖಾತೆ ತೆಗೀತಾರೆ ಅಂತ ಸುಮ್ಮನಿದಾನೆ.

– ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಲಿ, ಇಂಥ ಅಪರಾಧ ನೋಡೋ ಜಿಲ್ಲೆಯ ಸಿಇಎನ್ ಠಾಣೆಗೆ ದೂರು ಕೊಡಲಿ. ಇಂಥದ್ದು ಗೊತ್ತಾದ ಆರು ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು ಅಂತ 2022ರ ಏಪ್ರಿಲ್‌ನಿಂದ ಆದೇಶವೇ ಇದೆ. ತಡ ಆಗಿದೆ, ಆದ್ರೂ ತಿಳಿಸೋದು ಒಳ್ಳೇದು. ರೈತರು ಪಟ್ಟಿ ತಂದು ತೋರಿಸಿದ್ರೇನೇ ಲೆಕ್ಕ ಮತ್ತೆ ಕಟ್ಟೋಕಾಗೋದು. ಅವರಿಗೆ ಹೇಳದೆ ಅದು ಆಗಲ್ಲ.

– ಗುಮಾಸ್ತನ್ನ ಬಿಡಿಸಿಬಿಟ್ಟ. ಅವನೇ ಯಾವುದೋ ಮೇಲ್ ತೆರೆದಿದ್ದು ಅಂತ.

– ತಪ್ಪಾಯ್ತು ಮಾವ! ಆ ಹುಡುಗನಿಗೆ ಯಾವ ಫೋಲ್ಡರಲ್ಲಿ ಏನಿತ್ತು ಅಂತ ಗೊತ್ತು, ಲೆಕ್ಕ ಕಟ್ಟೋಕೆ ಈಗ ಅವನೇ ಬೇಕು. ಬಾಗಿಲು ಯಾವುದು ಅಂತ ಯಾರೂ ಪರೀಕ್ಷೆ ಮಾಡಿಲ್ಲ, ಅವನ ತಲೆಗೆ ಕಟ್ಟಿದ್ರು. ಇದನ್ನ ಉಳಿದ ಮಂಡಿಯ ಹುಡುಗರೆಲ್ಲ ನೋಡಿದಾರೆ. ನಾಳೆ ಯಾರದೋ ಪರದೆ ಮೇಲೆ ವಿಚಿತ್ರ ಕಂಡ್ರೆ ಅವನು ಯಜಮಾನರನ್ನ ಕರೀತಾನಾ? ಹೆದರಿ ಆಫ್ ಮಾಡಿ, ಆನ್ ಮಾಡಿ, ಬ್ಯಾಕಪ್ ಚುಚ್ಚಿ ನೋಡ್ತಾನೆ. ಅಷ್ಟರಲ್ಲಿ ಅದಕ್ಕೂ ಬೀಗ ಬಿದ್ದಿರುತ್ತೆ. ಮಾಡಬೇಕಾಗಿರೋದು ಬಹಳ ಸಣ್ಣದು. ನೆಟ್ಟಿನ ಹಳದಿ ವೈರು ಕಿತ್ತು, ವೈಫೈ ಪೆಟ್ಟಿಗೆ ಆರಿಸಿ, ಪರದೆಯ ಫೋಟೋ ಮೊಬೈಲಲ್ಲಿ ತೆಗೆದು, ಕೂಗಿ ಹೇಳೋದು. ಬ್ಯಾಕಪ್ ಡಿಸ್ಕ್ ಹತ್ರಕ್ಕೂ ತರಬಾರದು.

– ನಮ್ಮ ಹುಡುಗ ನಿನ್ನೆ ಬಂದು ನಿಂತ. ಹೋದ ತಿಂಗಳು ಇ-ವೇ ಬಿಲ್ ಅಂತ ಬಂದ ಒಂದು ಮೇಲ್ ತೆರೆದನಂತೆ, ಒಳಗೆ ಬಿಲ್ ಇರಲಿಲ್ವಂತೆ. ಇಷ್ಟು ದಿನ ಹೇಳೋಕೆ ಹೆದರಿಕೆ ಆಯ್ತಂತೆ. ನಾನು ಬೈದೆ.

– ಕರೀರಿ ಅವನನ್ನ. ಆದ್ರೆ ಅದಕ್ಕೂ ಮೊದಲು ಈ ಪೆನ್‌ಡ್ರೈವಿನಲ್ಲಿರೋ ಬ್ಯಾಕಪ್ ನಿಜಕ್ಕೂ ತೆರೆಯುತ್ತಾ ಅಂತ ನೋಡೋಣ. ತೂಕದ ಮೇಜಿನ ಕಂಪ್ಯೂಟರಲ್ಲೂ ಟ್ಯಾಲಿ ಇದೆಯಲ್ಲ, ನೆಟ್ ವೈರ್ ತೆಗೆದು ಅಲ್ಲಿ ಹಾಕ್ತೀನಿ. ಆ ಅಮ್ಮನ ಖಾತೆ ಹೇಳಿ. ಹಿಂದಿನ ಸಲ ಅವರು ಬಂದಿದ್ದು ಯಾವಾಗ?

– ಆಷಾಢದಲ್ಲಿ. ಎರಡು ಚೀಲ ರಾಶಿ ತಂದಿದ್ಲು.

– ಖಾತೆ ಬಂತು. ಬಾಕಿ ತೋರಿಸ್ತಿದೆ. ಆದ್ರೆ ಆಷಾಢದ್ದು ಇಲ್ಲ ಮಾವ. ಕೊನೇ ನಮೂದು ಮಾರ್ಚ್ 31.

– ಆಗಲಿಕ್ಕಿಲ್ಲ. ದಿನಾ ರಾತ್ರಿ ಕಾಪಿ ಆಗುತ್ತೆ. ನಾನೇ ಕಣ್ಣಾರೆ ನೋಡಿದೀನಿ, ಕಪ್ಪು ಪರದೆ ಬಂದು ಹೋಗುತ್ತೆ.

– ಕಾಪಿ ಆಗ್ತಿದೆ, ನಿಜ. ಏಪ್ರಿಲಲ್ಲಿ ಹೊಸ ವರ್ಷದ ಲೆಕ್ಕಕ್ಕೆ ಕಂಪನಿ ಬೇರೆ ಮಾಡಿಸಿದ್ರಲ್ಲ? ಹಳೇದು 10000 ಅನ್ನೋ ಫೋಲ್ಡರಲ್ಲಿದೆ, ಹೊಸದು 10001ರಲ್ಲಿ. ದಿನಾ ರಾತ್ರಿ ಹೋಗ್ತಿರೋದು 10000 ಮಾತ್ರ. ಏಳು ತಿಂಗಳಿಂದ ಮಾರ್ಚಿನ ಲೆಕ್ಕವೇ ಮತ್ತೆ ಮತ್ತೆ ಕಾಪಿ ಆಗಿದೆ.

– ಅಂದ್ರೆ ಸೋಮವಾರ ಆ ಬೀಗ ನಮಗೆ ಬಿದ್ದಿದ್ರೆ…

– ಬಿದ್ದಿಲ್ಲ ಮಾವ. ಕೂತ್ಕೊಳ್ಳಿ, ನೀರು ಕುಡೀರಿ. ನನ್ನ ಬ್ಯಾಗಿನಲ್ಲಿ ಒಂದು ಹಾರ್ಡ್‌ಡಿಸ್ಕ್ ಇದೆ, ಖಾಲಿ ಮಾಡ್ತೀನಿ. ಈಗಲೇ ಎರಡೂ ಫೋಲ್ಡರ್ ತಗೊಳ್ಳೋಣ, ತೆಗೆದು ತೂಕದ ಮೇಜಿನಲ್ಲಿ ಆಷಾಢದ ಆ ಎರಡು ಚೀಲ ಕಾಣೋವರೆಗೂ ನೋಡೋಣ. ಹುಡುಗ ಹೊರಟುಹೋದನಾ?

– ಇಲ್ಲ, ಹೊರಗೆ ಚೀಲ ಲೆಕ್ಕ ಮಾಡ್ತಿದಾನೆ.

– ಒಳಗೆ ಕರೀರಿ. ನಾಳೆಯಿಂದ ಇದನ್ನ ದಿನಾ ಮಾಡೋನು ಅವನೇ. ನೀವೇ ಅವನಿಗೆ ಹೇಳಿ, ನಾನು ಪಕ್ಕದಲ್ಲಿ ನಿಂತು ತೋರಿಸ್ತೀನಿ.